ಕುಪ್ಪಳಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆ

ಕುಪ್ಪಳಿಗೆ ಹೋಗಿ ಬಂದವರು ಸಾಮಾನ್ಯವಾಗಿ ಕವಿಶೈಲದ ಸೂರ್ಯಾಸ್ತದ ಬಗ್ಗೆ ಬರೆಯುತ್ತಾರೆ. ನಾನು ಮನೆಯ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಕಾರಣ, ಈ ಸಲ ಜೊತೆಗಿದ್ದವರು ಅಕ್ಕನ ಮಕ್ಕಳು. ಹುಡುಗನಿಗೆ ಹನ್ನೊಂದು, ಹುಡುಗಿಗೆ ಏಳು. ನಾವಾದರೆ ಗೋಡೆಯ ಮೇಲಿನ ಫಲಕ ಓದಿಕೊಂಡು ಮುಂದೆ ಹೋಗುತ್ತೇವೆ. ಮಕ್ಕಳು ಹಾಗಲ್ಲ, ಬಾಗಿಲ ಹಿಂದೆ ಏನಿದೆ ಅಂತ ಇಣುಕುತ್ತಾರೆ.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಈ ಕುಪ್ಪಳಿ ಮನೆಯಲ್ಲಿ. ಮೂರು ಅಂತಸ್ತಿನ ತೊಟ್ಟಿಮನೆ. ಈಗ ಅದು ಮ್ಯೂಸಿಯಂ. ಹಳೆಯ ಕಾಲದ ಅಡುಗೆ ಸಾಮಾನು, ಬೇಸಾಯದ ಸಾಮಾನು, ಹಸ್ತಪ್ರತಿ, ಪುಸ್ತಕ, ಫೋಟೋ ಎಲ್ಲ ಇವೆ. 2015ರ ನವೆಂಬರಿನಲ್ಲಿ ಇಲ್ಲಿ ಕಳ್ಳತನವಾಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ ಇತಿಹಾಸ ಇದೇ! ಕಳ್ಳನಿಗೂ ಪದಕವೇ ಬೇಕಿತ್ತು, ಒರಳನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಹೇಳಿ :)

"ಮನೆ ಮಧ್ಯ ಸೂರು ಯಾಕಿಲ್ಲ?" ಅಂತ ಮೊದಲ ಪ್ರಶ್ನೆ ಬಂತು. ಇದಕ್ಕೆ ಉತ್ತರ ಸುಲಭ. ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7000 ಮಿ.ಮೀ. ಮೀರುತ್ತದೆ. ಅಂಥ ಸೀಮೆಯಲ್ಲಿ ಮಾಡು ಕಡಿದಾಗಿ, ತಗ್ಗಾಗಿ ಇಳಿಯಲೇಬೇಕು. ಹಾಗೆ ಇಳಿದರೆ ಒಳಗೆ ಕತ್ತಲೆ. ಬೆಳಕು, ಗಾಳಿ ಬರಬೇಕಾದರೆ ನಡುವೆ ಅಂಗಳ ತೆರೆದಿರಬೇಕು. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು.

ಎರಡನೆಯದು ಹುಡುಗಿಯದು. ಒನಕೆ ನೋಡಿ, "ಇಷ್ಟು ಜನಕ್ಕೆ ಅಕ್ಕಿ ಯಾರು ಕುಟ್ಟುತ್ತಿದ್ದರು ಮಾಮ? ಅವರು ಎಲ್ಲಿ ಮಲಗುತ್ತಿದ್ದರು?"

ಇದಕ್ಕೆ ಫಲಕದಲ್ಲಿ ಉತ್ತರ ಇರಲಿಲ್ಲ. ನನ್ನ ಹತ್ತಿರ ಇತ್ತು. ನನ್ನ ಅಜ್ಜ, ಅಂದರೆ ಈ ಮಕ್ಕಳ ಮುತ್ತಜ್ಜ, ಇದೇ ಮಲೆನಾಡಿನ ಬೇರೊಂದು ದೊಡ್ಡ ಮನೆಯಲ್ಲಿ ಹುಡುಗನಾಗಿದ್ದಾಗಿನಿಂದ ಜೀತಕ್ಕಿದ್ದವರು. ಮನೆ ಯಾವುದು ಅಂತ ಬೇಡ. ಮದುವೆಗೋ ಕಾಯಿಲೆಗೋ ಒಡೆಯರ ಹತ್ತಿರ ಸಾಲ ಮಾಡುವುದು, ತೀರುವ ತನಕ ಅಲ್ಲೇ ದುಡಿಯುವುದು. ದುಡಿದದ್ದೆಲ್ಲ ಬಡ್ಡಿಗೆ, ಅಸಲು ಮಗನ ತಲೆಗೆ. ಇದು ಜೀತ. ಅಕ್ಕ ಇದನ್ನು ಮಕ್ಕಳಿಗೆ ಇನ್ನೂ ಹೇಳಿರಲಿಲ್ಲ. ಜಗಲಿಯ ಮೇಲೆ ಕೂರಿಸಿಕೊಂಡು ನಾನೇ ಹೇಳಿದೆ. ಹುಡುಗ ಸುಮ್ಮನಾದ. ಹುಡುಗಿ, "ಹಾಗಾದರೆ ಮುತ್ತಜ್ಜನ ಮನೆ ನೋಡೋಕೆ ಹೋಗೋಣ" ಅಂದಳು.

ಎಲ್ಲಿಗೆ ಕರೆದುಕೊಂಡು ಹೋಗೋದು? ದೊಡ್ಡ ಮನೆಗಳು ಮರದ ಕಂಬ, ತೊಲೆ, ಹೆಂಚಿನವು, ಅದಕ್ಕೇ ಉಳಿದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲೇ ಹೆಂಚಿನ ಕಾರ್ಖಾನೆ ತೆರೆದರೂ ಆಳುಗಳ ಬಿಡಾರಕ್ಕೆ ಹುಲ್ಲೇ ಗತಿ. ವರ್ಷ ವರ್ಷ ಹೊದಿಸದಿದ್ದರೆ ಎರಡು ಮಳೆಗಾಲದಲ್ಲಿ ಹುಲ್ಲಿನ ಗುಡಿಸಲು ನೆಲಸಮ. ಅಜ್ಜನ ಗುಡಿಸಲಿದ್ದ ಜಾಗದಲ್ಲಿ ಈಗ ಅಡಿಕೆ ತೋಟ ಇದೆ. ಮ್ಯೂಸಿಯಂ ಮಾಡೋಣ ಅಂದರೂ ಒಂದು ಕಂಬ ಸಿಗುವುದಿಲ್ಲ.

ಆದರೆ ಆ ಗುಡಿಸಲು ಪೂರ್ತಿ ಅಳಿದಿಲ್ಲ ಅನ್ನುವುದೂ ನಿಜ. ಹೆಗ್ಗಡೆ, ಗೌಡರ ಮನೆಗಳ ನಡುವೆ ಬೆಳೆದ ಕುವೆಂಪು 1967ರಲ್ಲಿ ಹೊರತಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿ ಇದ್ದಾನೆ, ಅವನ ನಾಯಿ ಹುಲಿಯ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಜೀತದಾಳು ಅವನು. ಅವನ ಪ್ರೀತಿ, ಹಟ, ಅವನು ಮಳೆಯಲ್ಲಿ ನಡೆದ ಕಾಡುದಾರಿ ಎಲ್ಲ ಅಲ್ಲಿದೆ. ಇತಿಹಾಸದ ಪುಸ್ತಕಗಳಲ್ಲಿ ಇಂಥವರಿಗೆ ಹೆಸರೂ ಇರುವುದಿಲ್ಲ.

ಅಜ್ಜ ಹೇಗೋ ಜೀತ ಬಿಡಿಸಿಕೊಂಡು ಬೇರೊಬ್ಬರ ಗದ್ದೆ ಗೇಣಿಗೆ ಮಾಡಿದರು. 1974ರಲ್ಲಿ ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಮಾಡುವವನಿಗೇ ಭೂಮಿ ಅಂತಾದಾಗ ಡಿಕ್ಲರೇಷನ್ ಹಾಕಿದರು, ಎರಡೆಕರೆ ಸಿಕ್ಕಿತು. 1976ರಲ್ಲಿ ಜೀತ ರದ್ದತಿ ಕಾಯಿದೆಯೂ ಬಂತು. ನನ್ನ ಕಾಲೇಜು ಫೀಸು ಹುಟ್ಟಿದ್ದು ಆ ಎರಡೆಕರೆಯಲ್ಲೇ. ಇದಿಷ್ಟನ್ನೂ ಮಕ್ಕಳಿಗೆ ಹೇಳಿದೆ. ಅರ್ಥವಾಯಿತೋ ಇಲ್ಲವೋ, ಹುಡುಗ ಮತ್ತೆ ಒಳಗೆ ಹೋಗಿ ಒನಕೆಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದ.

ನೀವೂ ಮಕ್ಕಳನ್ನು ಇಂಥ ಮನೆಗೆ ಕರೆದುಕೊಂಡು ಹೋದರೆ ಅಡುಗೆಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ನಿಮ್ಮ ಮನೆಯ ಹಿರಿಯರು ಈ ಬಾಗಿಲಿನ ಯಾವ ಕಡೆ ನಿಂತಿದ್ದರು ಅಂತ ಗೊತ್ತಿದ್ದರೆ, ಒಳಗಾದರೂ ಸರಿ, ಹೊರಗಾದರೂ ಸರಿ, ಮಕ್ಕಳಿಗೆ ಅಲ್ಲೇ ಹೇಳಿಬಿಡಿ. ನಿಮ್ಮ ಊರಿನ ಕಡೆ ಬಿಡಾರ, ಕೇರಿಯ ನೆನಪು ಯಾರಿಗಾದರೂ ಇದ್ದರೆ ಬರೆಯಿರಿ. ಓದಲು ನಾನು ಕಾದಿದ್ದೇನೆ.