ಯೀಸ್ಟ್ ಬೀಟಾ-ಗ್ಲುಕಾನ್ ತಿಂದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ?

‘ದಿನಕ್ಕೊಂದು ಕ್ಯಾಪ್ಸೂಲ್ ಸಾಕು, ನೆಗಡಿಯಿಂದ ಕ್ಯಾನ್ಸರ್‌ವರೆಗೆ ಯಾವ ರೋಗವೂ ಹತ್ತಿರ ಸುಳಿಯುವುದಿಲ್ಲ.’ ಯೀಸ್ಟ್ ಬೀಟಾ-ಗ್ಲುಕಾನ್ ಹೆಸರಿನಲ್ಲಿ ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹರಿದಾಡುತ್ತವೆ. ಇವುಗಳಲ್ಲಿ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು ಎಂದು ನೋಡೋಣ.

ಬೀಟಾ-ಗ್ಲುಕಾನ್ ಎಂದರೇನು?

ಗ್ಲುಕೋಸ್ ಅಣುಗಳು ಸರಪಳಿಯಂತೆ ಜೋಡಣೆಯಾದ ಒಂದು ಬಗೆಯ ನಾರಿನಂಶ ಇದು. ಬ್ರೆಡ್ ಉಬ್ಬಿಸುವ ಯೀಸ್ಟ್‌ನ ಕೋಶಭಿತ್ತಿ, ಅಣಬೆ, ಓಟ್ಸ್ ಮತ್ತು ಬಾರ್ಲಿಯಲ್ಲಿ ಇರುತ್ತದೆ. ಆದರೆ ಇವೆಲ್ಲದರ ರಚನೆ ಒಂದೇ ಅಲ್ಲ. ದಿನಕ್ಕೆ 3 ಗ್ರಾಂ ಓಟ್ಸ್ ಬೀಟಾ-ಗ್ಲುಕಾನ್ ಸೇವಿಸಿದರೆ ಕೊಲೆಸ್ಟ್ರಾಲ್ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಅದನ್ನೇ ತೋರಿಸಿ ಯೀಸ್ಟ್ ಕ್ಯಾಪ್ಸೂಲ್ ಮಾರುವುದು ಸರಿಯಲ್ಲ.

ದೇಹದಲ್ಲಿ ಏನಾಗುತ್ತದೆ?

ನಮ್ಮ ದೇಹ ಬೀಟಾ-ಗ್ಲುಕಾನ್ ತಯಾರಿಸುವುದಿಲ್ಲ. ಹಾಗಾಗಿ ಅದು ಎದುರಾದಾಗ ಬಿಳಿ ರಕ್ತಕಣಗಳು ಶಿಲೀಂಧ್ರ ಒಳನುಗ್ಗಿದೆ ಎಂದು ಎಚ್ಚೆತ್ತುಕೊಳ್ಳುತ್ತವೆ. ಅದನ್ನು ಗುರುತು ಹಿಡಿಯುವ ‘ಡೆಕ್ಟಿನ್-1’ ಎಂಬ ಗ್ರಾಹಕವನ್ನು ವಿಜ್ಞಾನಿಗಳು 2001ರಲ್ಲಿ ಪತ್ತೆ ಮಾಡಿದರು. ಫಾರ್ವರ್ಡ್‌ಗಳಲ್ಲಿರುವ ವಿಜ್ಞಾನ ಇಷ್ಟೇ.

ಆದರೆ ಪ್ರಯೋಗಾಲಯದ ಗಾಜಿನ ತಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ನೆದರ್ಲೆಂಡ್ಸ್‌ನಲ್ಲಿ 2014ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಂತರಿಗೆ ದಿನಕ್ಕೆ 1000 ಮಿ.ಗ್ರಾಂನಂತೆ 7 ದಿನ ಬೀಟಾ-ಗ್ಲುಕಾನ್ ಕೊಟ್ಟರು. ಅದು ರಕ್ತದಲ್ಲಿ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ, ಪ್ರತಿರಕ್ಷಣಾ ಕೋಶಗಳ ವರ್ತನೆಯೂ ಬದಲಾಗಲಿಲ್ಲ.

ನೆಗಡಿ ಕಡಿಮೆಯಾಗುತ್ತದೆಯೇ?

ಸ್ವಲ್ಪ ಆಗಬಹುದು. 162 ಜನರಿಗೆ 16 ವಾರ ದಿನಕ್ಕೆ 900 ಮಿ.ಗ್ರಾಂ ಕೊಟ್ಟು ನಡೆಸಿದ ಅಧ್ಯಯನದಲ್ಲಿ ನೆಗಡಿಯ ಪ್ರಕರಣಗಳು ಸುಮಾರು ಶೇ. 25ರಷ್ಟು ಕಡಿಮೆಯಾದವು. 100 ಜನರ ಇನ್ನೊಂದು ಅಧ್ಯಯನದಲ್ಲಿ 90 ದಿನ 250 ಮಿ.ಗ್ರಾಂ ಕೊಟ್ಟರೂ ನೆಗಡಿಯ ಲಕ್ಷಣಗಳಿದ್ದ ದಿನಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಂಥ ಹಲವು ಅಧ್ಯಯನಗಳಲ್ಲಿ ಯೀಸ್ಟ್ ಉತ್ಪನ್ನ ತಯಾರಿಸುವ ಕಂಪನಿಗಳ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಯೀಸ್ಟ್ ಬೀಟಾ-ಗ್ಲುಕಾನ್ ನಿಗದಿತ ಪ್ರಮಾಣದಲ್ಲಿ ಸುರಕ್ಷಿತ ಎಂದಿತು. ಆದರೆ 2013ರಲ್ಲಿ, ಬ್ರೂವರ್ಸ್ ಯೀಸ್ಟ್‌ನ ಬೀಟಾ-ಗ್ಲುಕಾನ್ ಉತ್ಪನ್ನವೊಂದು ಪ್ರತಿರಕ್ಷಣೆಗೆ ಸಹಕಾರಿ ಎಂಬ ಕಂಪನಿಯ ಹೇಳಿಕೆಗೆ ಸಾಕಷ್ಟು ಪುರಾವೆ ಇಲ್ಲ ಎಂದಿತು. ಸುರಕ್ಷಿತ ಎಂದ ಮಾತ್ರಕ್ಕೆ ಪರಿಣಾಮಕಾರಿ ಎಂದರ್ಥವಲ್ಲ.

ಕ್ಯಾನ್ಸರ್ ಗುಣವಾಗುತ್ತದೆಯೇ?

ಇಲ್ಲ. ಜಪಾನ್‌ನಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನ್ ಅನ್ನು ಹೊಟ್ಟೆಯ ಕ್ಯಾನ್ಸರ್‌ಗೆ ಕಿಮೋಥೆರಪಿಯ ಜೊತೆಗೆ ಇಂಜೆಕ್ಷನ್ ಆಗಿ ಬಳಸಿದ್ದಾರೆ. ಅದು ಆಸ್ಪತ್ರೆಯ ಚಿಕಿತ್ಸೆ. ಬಾಯಿಗೆ ಹಾಕಿಕೊಳ್ಳುವ ಯೀಸ್ಟ್ ಕ್ಯಾಪ್ಸೂಲ್‌ಗೂ ಅದಕ್ಕೂ ಹೋಲಿಕೆ ಸಲ್ಲದು. ಇಂಥ ಸಂದೇಶ ನಂಬಿ ಯಾರಾದರೂ ಚಿಕಿತ್ಸೆ ಮುಂದೂಡಿದರೆ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ.

ಯಾರು ಎಚ್ಚರ ವಹಿಸಬೇಕು?

ಕಿಡ್ನಿ ಕಸಿ ಮಾಡಿಸಿಕೊಂಡವರು, ಸಂಧಿವಾತ ಅಥವಾ ಲೂಪಸ್‌ಗೆ ಪ್ರತಿರಕ್ಷಣೆ ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ಕಿಮೋಥೆರಪಿಯಲ್ಲಿ ಇರುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ಇನ್ನೊಂದು ಮಾತು: ಬೇಕರಿಗೆ ಬಳಸುವ ಡ್ರೈ ಯೀಸ್ಟ್ ಅನ್ನು ನೀರಿಗೆ ಹಾಕಿ ಕುಡಿಯುವುದು ಇದಕ್ಕೆ ಬದಲಿ ಅಲ್ಲ. ಅದರಿಂದ ಹೊಟ್ಟೆ ಉಬ್ಬರ ಬರಬಹುದು.

ಒಟ್ಟಾರೆ ಹೇಳುವುದಾದರೆ

ಯೀಸ್ಟ್ ಬೀಟಾ-ಗ್ಲುಕಾನ್ ವಿಷವೂ ಅಲ್ಲ, ಸಂಜೀವಿನಿಯೂ ಅಲ್ಲ. ಲಸಿಕೆ, ನಿದ್ದೆ, ಊಟ, ಕೈತೊಳೆಯುವ ಅಭ್ಯಾಸಗಳ ಜಾಗವನ್ನು ಅದು ತುಂಬಲಾರದು. ಭಾರತದ ನಿಯಮದಂತೆ ಇಂಥ ಪೂರಕಗಳ ಲೇಬಲ್ ಮೇಲೆ ‘ಔಷಧವಾಗಿ ಬಳಸುವಂತಿಲ್ಲ’ ಎಂಬ ಸೂಚನೆ ಇರಬೇಕು. ಮುಂದಿನ ಸಲ ಈ ಸಂದೇಶ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಆ ಒಂದು ಸಾಲನ್ನು ನೆನಪಿಸಿಕೊಳ್ಳಿ.