ಕೊಡಲಿ ಉಳಿಯಿತು, ಕಾವು ಮರೆಯಿತು

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಮರದ ಕಾವು ಸೇರದೆ ಕೊಡಲಿ ಮರ ಕಡಿಯಲಾರದು. ಆದರೆ ಚರಿತ್ರೆಗೆ ಉಳಿದದ್ದು ಹೆಚ್ಚಾಗಿ ಅಲಗು ಮಾತ್ರ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ಸಿಕ್ಕಿವೆ. ಮರದ ಕಾವುಗಳು ಮಣ್ಣುಪಾಲಾಗಿವೆ.

ಅಂಥ ಕಾವು ಹೇಗಿದ್ದೀತು ಎಂಬುದಕ್ಕೆ ಅಪರೂಪದ ಸಾಕ್ಷಿ ದೊರೆತದ್ದು ದೂರದ ಯೂರೋಪಿನಲ್ಲಿ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿತು. ಜೊತೆಗೆ ಅವನ ತಾಮ್ರದ ಕೊಡಲಿ, ಕಾವಿನ ಸಮೇತ! ಯೂ ಎಂಬ ಮರದ ಆ ಕಾವಿನ ಉದ್ದ ಸುಮಾರು 60 ಸೆಂಟಿಮೀಟರ್. ಕೊಂಬೆ ಕವಲೊಡೆದ ಜಾಗವನ್ನೇ ಆರಿಸಿ ಅದನ್ನು ಕೆತ್ತಲಾಗಿತ್ತು. ಕವಲಿನ ಸೀಳಿನಲ್ಲಿ ಅಲಗನ್ನಿಟ್ಟು, ಬರ್ಚ್ ಮರದ ಅಂಟು ಹಚ್ಚಿ, ತೊಗಲಿನ ಪಟ್ಟಿಯಿಂದ ಬಿಗಿದಿದ್ದರು. ಕವಲಿನಲ್ಲಿ ಮರದ ಎಳೆ ಬಾಗಿನೊಡನೆಯೇ ಸಾಗುವುದರಿಂದ ಏಟು ಬಿದ್ದರೂ ಅದು ಸುಲಭಕ್ಕೆ ಸೀಳದು.

ಲೇತ್ ಯಂತ್ರವೂ ಹಳೆಯದೇ. ಆದರೆ ಮಾಮೂಲಿ ಲೇತಿನಲ್ಲಿ ತಿರುಗಿದ ಮರ ದುಂಡಗಾಗುತ್ತದೆ. ದುಂಡನೆಯ ಕಾವು ಅಂಗೈಯಲ್ಲಿ ಹೊರಳಿ ಅಲಗು ಅಡ್ಡ ಬೀಳುತ್ತದೆ. ಮೊಟ್ಟೆಯಾಕಾರದ್ದಾದರೆ ಅಲಗು ಯಾವ ಕಡೆಗಿದೆಯೆಂದು ನೋಡದೆಯೇ ಕೈಗೆ ತಿಳಿಯುತ್ತದೆ. ಆದ್ದರಿಂದ ಎಳೆಯ ಜಾಡಿನಲ್ಲೇ ಮರ ಸೀಳಿ, ಬಾಚಿಯಿಂದ ಕೆತ್ತಿ, ಹೆರೆದು, ಹಿಡಿದು ನೋಡುತ್ತ ಕಾವು ಮಾಡುತ್ತಿದ್ದರು.

ಮಾದರಿಯನ್ನು ನೋಡಿ ಅಂಥ ಆಕಾರಗಳನ್ನೇ ಕೆತ್ತಬಲ್ಲ ಲೇತಿಗೆ ಅಮೆರಿಕದ ಥಾಮಸ್ ಬ್ಲಾಂಚಾರ್ಡ್ 1819ರಲ್ಲಿ ಪೇಟೆಂಟ್ ಪಡೆದ. ಬಂದೂಕಿನ ಹಿಡಿಗೆಂದು ಹುಟ್ಟಿದ ಈ ವಿಧಾನ ಮುಂದೆ ಕೊಡಲಿ ಕಾವಿಗೂ ಬಂತು. ಅದಕ್ಕೂ ಮೊದಲೊಂದು ಮಾದರಿ ಬೇಕಿತ್ತು. ಸಾವಿರಾರು ವರ್ಷ ಕೈಗಳು ಹಿಡಿದು ಒಪ್ಪಿದ್ದ ಆಕಾರವನ್ನೇ ಯಂತ್ರ ನಕಲು ಮಾಡಿತು.