ಸರ್ ಮಿರ್ಜಾ ಮತ್ತು ಎರಡು ಶಾಲೆಗಳು

ಚಾಮರಾಜನಗರದ ಸಮೀಪದ ಹರದನಹಳ್ಳಿ ನನ್ನ ತಾಯಿಯ ತವರು. ಅಲ್ಲಿ ದಿವ್ಯಲಿಂಗೇಶ್ವರನ ಗುಡಿಯ ಜಗಲಿಯ ಮೇಲೆ ಕುಳಿತು ಹಿರಿಯರು ಹಳೆಯ ಮಾತು ತೆಗೆದಾಗಲೆಲ್ಲ ‘ಅದು ಮಿರ್ಜಾ ಸಾಹೇಬರ ಕಾಲ’ ಎನ್ನುತ್ತಿದ್ದರು. ನಂಜನಗೂಡಿನ ರೈಲುದಾರಿ ಚಾಮರಾಜನಗರವನ್ನು ಮುಟ್ಟಿದ್ದು 1926ರಲ್ಲಿ. ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾದದ್ದೂ ಅದೇ ವರ್ಷ. ಹಳಿ ಹಾಕುವ ಕೆಲಸ ಅವರಿಗಿಂತ ಮೊದಲೇ ನಡೆದಿದ್ದರೂ, ನಮ್ಮ ಹಿರಿಯರ ಲೆಕ್ಕದಲ್ಲಿ ರೈಲನ್ನು ತಂದವರೂ ಅವರೇ. ಜನರ ನೆನಪು ಹೀಗೆ ಉದಾರವಾಗಿರುತ್ತದೆ. ಜನರ ಸಂಶಯ ಅಷ್ಟು ಉದಾರವಾದುದಲ್ಲ ಎಂಬುದನ್ನೂ ಮಿರ್ಜಾ ಅವರ ಬದುಕು ತೋರಿಸುತ್ತದೆ.

ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯದ ಷಿರಾಜಿನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ನೆಲೆಸಿದವರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆಗಳನ್ನು ಒದಗಿಸುತ್ತಿದ್ದವರು. ಮೊಮ್ಮಗ ಮಿರ್ಜಾ ಹುಟ್ಟಿದ್ದು 1883ರಲ್ಲಿ. ಬಾಲಕ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ವಿದ್ಯಾಭ್ಯಾಸಕ್ಕಾಗಿ ಅರಮನೆಯವರು ಒಂದು ಪುಟ್ಟ ಶಾಲೆಯನ್ನು ನಡೆಸುತ್ತಿದ್ದರಷ್ಟೆ. ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿ ಅಲ್ಲಿ ಗುರು. ಆಯ್ದ ಕೆಲವೇ ಸಹಪಾಠಿಗಳಲ್ಲಿ ಮಿರ್ಜಾ ಒಬ್ಬರು. ಅಲ್ಲಿ ಬೆಳೆದ ಸ್ನೇಹ ನಾಲ್ಕು ದಶಕಗಳ ಕಾಲ ಉಳಿಯಿತು. ಸೆಂಟ್ರಲ್ ಕಾಲೇಜಿನ ಪದವಿ, ರಾಜ್ಯದ ಸೇವೆ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿಯ ಸ್ಥಾನ, ನಾಲ್ಕು ವರ್ಷದ ಮೇಲೆ ದಿವಾನಗಿರಿ. ಬ್ರಿಟಿಷರ ಸಾರ್ವಭೌಮತ್ವದ ಕೆಳಗಿದ್ದ ಹಿಂದೂ ಅರಸರ ರಾಜ್ಯಕ್ಕೆ ಮುಸ್ಲಿಮ್ ಮನೆತನದ ಗೃಹಸ್ಥರೊಬ್ಬರು ಹದಿನೈದು ವರ್ಷ ದಿವಾನರಾಗಿದ್ದರು.

ಆ ಹದಿನೈದು ವರ್ಷಗಳ ಕಾರ್ಖಾನೆ, ಉದ್ಯಾನಗಳ ವರ್ಣನೆ ಎಲ್ಲರಿಗೂ ತಿಳಿದದ್ದೇ. ನಾನು ಕನ್ನಡ ಮೇಷ್ಟರಾಗಿದ್ದವನು. ನನ್ನ ಕಣ್ಣು ಬೇರೆಡೆ ಹೊರಳುತ್ತದೆ. ಮಹಾರಾಜ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ಕುವೆಂಪು, ಡಿ. ಎಲ್. ನರಸಿಂಹಾಚಾರ್ ಅದರ ಮೊದಲ ತಂಡದವರು. ಇದರ ಶ್ರೇಯಸ್ಸು ಬಿ.ಎಂ.ಶ್ರೀ. ಅವರಂಥ ವಿದ್ವಾಂಸರದೇ ಹೊರತು ದಿವಾನರದಲ್ಲ. ಆದರೆ ಇಂಥ ಸಸಿಗೆ ನೀರು ತಪ್ಪಿಸದ ಆಡಳಿತ ಅದಾಗಿತ್ತು. 1930ರಲ್ಲಿ ವೈದ್ಯಕೀಯ ಕಾಲೇಜು ಬೆಂಗಳೂರಿನಿಂದ ಮೈಸೂರಿಗೆ ಬಂದಿತು, 1934ರಲ್ಲಿ ಸಿ. ವಿ. ರಾಮನ್ನರ ವಿಜ್ಞಾನ ಅಕಾಡೆಮಿಗೆ ಬೆಂಗಳೂರಿನಲ್ಲಿ ಭೂಮಿ ದೊರೆಯಿತು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಇಂದು ನನ್ನ ಮಾತು ತಮ್ಮನ್ನು ತಲಪುತ್ತಿರುವ ಈ ಆಕಾಶವಾಣಿಯ ಹೆಸರಿನ ಮೂಲವೂ ಅಲ್ಲಿಯದೇ.

ಇನ್ನು ಎರಡನೆಯ ಶಾಲೆ. ಅದು ಬೆಂಗಳೂರಿನ ಸುಲ್ತಾನಪೇಟೆಯ ಸರ್ಕಾರಿ ಶಾಲೆ. ಅದರ ಆವರಣದಲ್ಲಿದ್ದ ಗಣಪತಿಯ ವಿಗ್ರಹದ ಸ್ಥಾನ ಮತ್ತು ಪೂಜೆಯನ್ನು ಕುರಿತು 1928ರಲ್ಲಿ ವಿವಾದ ಎದ್ದಿತು. ಹುಡುಗರು ಬೀದಿಗಿಳಿದರು, ಬಂಧನಗಳಾದವು, ಜುಲೈ ಕೊನೆಯ ಹೊತ್ತಿಗೆ ಹಿಂದೂ-ಮುಸ್ಲಿಮ್ ಘರ್ಷಣೆಯೂ ಆಯಿತು. ಹೆಡ್ಮಾಸ್ತರರ ಕೋಣೆಯಲ್ಲೇ ಮುಗಿಯಬಹುದಾಗಿದ್ದ ಮಾತು ದಿವಾನರ ಬಾಗಿಲಿಗೆ ಬಂದು ನಿಂತಿತು. ದಿವಾನರು ಮುಸಲ್ಮಾನರು, ಆದ್ದರಿಂದಲೇ ಹೀಗಾಯಿತು ಎಂಬ ಆಡಿಕೆ ಊರೆಲ್ಲ ಹಬ್ಬಿತು. ಎರಡು ವರ್ಷದ ಹಿಂದೆ ಅವರನ್ನು ಹೊಗಳಿದ ನಾಲಗೆಗಳೇ ಹಾಗೆ ಆಡಿದವು. ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಇದು ಸರಿಯಾದ ಹೆಜ್ಜೆ. ಆದರೆ ಟೀಕಿಸಿದ ಪತ್ರಿಕೆಗಳ ಮೇಲೆ ಸರ್ಕಾರದ ಕೈ ಬಿಗಿಯಾಯಿತಲ್ಲ, ಅದನ್ನು ಒಪ್ಪಲು ನನ್ನಿಂದಾಗದು. ಸುಳ್ಳು ಸಂಶಯಕ್ಕೆ ಬಾಯಿ ಕಟ್ಟುವುದು ಮದ್ದಲ್ಲ. ಅದರಿಂದ ಸಂಶಯಕ್ಕೆ ಪುಷ್ಟಿಯೇ ದೊರೆಯುತ್ತದೆ.

ಮಿರ್ಜಾ ಅವರ ಬಲವೂ ಮಿತಿಯೂ ಇಲ್ಲಿಯೇ ಇವೆಯೆಂದು ನನ್ನ ತಿಳಿವಳಿಕೆ. ಅವರ ಅಧಿಕಾರ ಬೇರೂರಿದ್ದುದು ಮೊದಲನೆಯ ಶಾಲೆಯ ಸ್ನೇಹದಲ್ಲಿ. ಮಹಾರಾಜರ ವಿಶ್ವಾಸವಿದ್ದುದರಿಂದ ಯಾವ ಗದ್ದಲಕ್ಕೂ ಅವರು ಅಲುಗಲಿಲ್ಲ. ಅದೇ ಕಾರಣದಿಂದ, ಪ್ರಜೆಗಳ ಸಮ್ಮತಿ ಎಂಬ ಇನ್ನೊಂದು ಆಧಾರವೂ ಬೇಕೆಂದು ಅವರಿಗೆ ಬೇಗ ಅನ್ನಿಸಲಿಲ್ಲ. ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಒಕ್ಕೂಟಕ್ಕಾಗಿ ವಾದಿಸಿದವರು, ತಮ್ಮ ರಾಜ್ಯದಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಒಲಿಯಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೋಲೀಸರ ಗುಂಡಿಗೆ ಜನ ಬಲಿಯಾದರು. ಆಮೇಲೆ ಸರ್ದಾರ್ ಪಟೇಲರು ಬಂದು ಒಪ್ಪಂದವಾಯಿತು. ಸತ್ತವರಿಗೆ ಅದರಿಂದೇನು?

1940ರ ಆಗಸ್ಟಿನಲ್ಲಿ ನಾಲ್ವಡಿಯವರು ಕಾಲವಾದರು. ಮರುವರ್ಷ ಮಿರ್ಜಾ ರಾಜೀನಾಮೆಯಿತ್ತರು. ಜಯಪುರದಲ್ಲಿ ಕೆಲ ವರ್ಷ ಪ್ರಧಾನಿಯಾಗಿದ್ದು, 1946ರಲ್ಲಿ ಹೈದರಾಬಾದಿಗೆ ಹೋದರು. ಅವರ ನೇಮಕವನ್ನು ಜಿನ್ನಾ ವಿರೋಧಿಸಿದರು; ದೇಶದ ವಿಭಜನೆಗೆ ಮಿರ್ಜಾ ಒಪ್ಪಿದವರಲ್ಲ. ಅಲ್ಲಿನ ಮಜ್ಲಿಸ್ ಇತ್ತೆಹಾದಿನವರಿಗೂ ಅವರು ಬೇಡವಾದರು. ಬೆಂಗಳೂರಿನಲ್ಲಿ ಮುಸಲ್ಮಾನರ ಪಕ್ಷಪಾತಿ ಎನಿಸಿಕೊಂಡವರನ್ನು ಹೈದರಾಬಾದಿನಲ್ಲಿ ಮುಸಲ್ಮಾನರ ಹಿತಕ್ಕೆ ಹೊರಗಿನವರೆಂದು ದೂರಿದರು. ವರ್ಷ ತುಂಬುವ ಮೊದಲೇ, 1947ರಲ್ಲಿ, ಅವರು ಆ ಪದವಿಯನ್ನು ಬಿಟ್ಟರು. 1959ರ ಜನವರಿ 5ರಂದು, ಹುಟ್ಟಿದ ಬೆಂಗಳೂರಿನಲ್ಲಿಯೇ ತೀರಿಕೊಂಡರು.